ಮುಚ್ಚಳಕ್ಕೊಂದು ಆಸರೆ

ಲೋಕದಲ್ಲಿ ಮುಚ್ಚಳಗಳ ವಿಚಾರವಾಗಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ಪೆಟ್ಟಿಗೆಯೊಳಗೆ ಏನಿದೆ ಎಂಬ ಕುತೂಹಲ ಎಲ್ಲರಿಗೂ ಉಂಟು. ತೆರೆದ ಮೇಲೆ ಆ ಪೆಟ್ಟಿಗೆಯ ಮುಚ್ಚಳ ಬೀಳದೆ ನಿಲ್ಲುವುದು ಹೇಗೆ ಎಂಬ ಯೋಚನೆ ಮಾತ್ರ ಯಾರಿಗೂ ಬಾರದು. ಅಜ್ಜಿಯ ಕಾಲದ ಮರದ ಸಂದೂಕದ ಮುಚ್ಚಳವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಡಿಸಿಟ್ಟ ರೇಷ್ಮೆಯ ಸೀರೆಯನ್ನು ಹುಡುಕಿದವರಿಗಷ್ಟೇ ಈ ಪ್ರಶ್ನೆಯ ಭಾರ ಗೊತ್ತು. ಹುಡುಕಾಟ ಅರ್ಧಕ್ಕೆ ಬರುವಷ್ಟರಲ್ಲಿ ಎತ್ತಿದ ಕೈ ಸೋಲುತ್ತದೆ, "ಯಾರಾದರೂ ಬಂದು ಇದನ್ನಿಷ್ಟು ಹಿಡಿದುಕೊಳ್ಳಿ!" ಎಂಬ ಕೂಗು ಏಳುತ್ತದೆ. ಮುಚ್ಚಳಕ್ಕೆ ಆಸರೆ ಬೇಕೆಂಬ ಸತ್ಯ ಮನೆಮಂದಿಗೆಲ್ಲ ತಿಳಿಯುವುದು ಆಗಲೇ.

ವೇಗಕ್ಕೆಂದೇ ಹುಟ್ಟಿದ ಕಾರುಗಳ ವಿಷಯದಲ್ಲಂತೂ ಈ ಉಪೇಕ್ಷೆ ಇನ್ನೂ ಹೆಚ್ಚು. ಅಂಥ ಕಾರನ್ನು ಕಂಡವರು ಎಂಜಿನ್ನಿನ ಶಕ್ತಿಯನ್ನು ವಿಚಾರಿಸುತ್ತಾರೆ. ಗಂಟೆಗೆ ಎಷ್ಟು ಕಿಲೋಮೀಟರು ಓಡುತ್ತದೆಂದು ಕೇಳುತ್ತಾರೆ. ಬೆಲೆಯನ್ನು ಕೇಳಿ ಹುಬ್ಬೇರಿಸುತ್ತಾರೆ. "ಇದರ ಮುಚ್ಚಳವನ್ನು ಎತ್ತಿದರೆ ಅದು ತಾನಾಗಿ ನಿಲ್ಲುತ್ತದೆಯೇ?" ಎಂದು ಕೇಳುವವರು ವಿರಳ. ಆದರೆ ಕಾರಿಗೆ ವಯಸ್ಸಾದಂತೆ ಅದರ ಒಡೆಯನ ನಿತ್ಯಜೀವನದಲ್ಲಿ ವೇಗದ ಪ್ರಶ್ನೆ ಹಿಂದೆ ಸರಿಯುತ್ತದೆ. ಮುಚ್ಚಳದ ಪ್ರಶ್ನೆ ಮೆಲ್ಲಮೆಲ್ಲನೆ ಮುಂದೆ ಬರುತ್ತದೆ.

ಜರ್ಮನಿಯ ಪೋರ್ಷೆ ೯೧೧ ಎಂಬ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ೧೯೬೩ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ನಗರದ ಮೋಟಾರು ಪ್ರದರ್ಶನದಲ್ಲಿ ಅದು ಮೊದಲ ಬಾರಿಗೆ ಜನರ ಕಣ್ಣಿಗೆ ಬಿದ್ದಿತು. ಆಗ ಅದರ ಹೆಸರು ೯೦೧. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳೆಲ್ಲ ತನ್ನ ಸ್ವತ್ತೆಂದು ಫ್ರಾನ್ಸಿನ ಪ್ಯೂಜೋ ಕಂಪನಿ ತಕರಾರು ತೆಗೆದುದರಿಂದ, ೧೯೬೪ರಲ್ಲಿ ಸೊನ್ನೆಯ ಸ್ಥಾನದಲ್ಲಿ ಒಂದು ಬಂದು ಕುಳಿತು, ಕಾರು ೯೧೧ ಆಯಿತು. ಹುಟ್ಟಿದ ಮನೆಯಲ್ಲಿ ಒಂದು ಹೆಸರು, ಸೇರಿದ ಮನೆಯಲ್ಲಿ ಇನ್ನೊಂದು ಹೆಸರು ಎಂಬ ಪದ್ಧತಿ ಕೇವಲ ನಮ್ಮ ನಾಡಿನ ಸೊಸೆಯಂದಿರಿಗೆ ಮೀಸಲಾದುದಲ್ಲ ಎಂದಾಯಿತು. ಅದರ ರೂಪವನ್ನು ಕಲ್ಪಿಸಿದವನು ಸಂಸ್ಥೆಯ ಮೂಲಪುರುಷನ ಮೊಮ್ಮಗನಾದ ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಷೆ. ಮುಂದಿನ ದೀಪಗಳ ದುಂಡು, ಬೆನ್ನಿನ ಇಳಿಜಾರು ಇವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಈ ಕಾರಿನ ವೈಚಿತ್ರ್ಯವೆಂದರೆ ಅದರ ಎಂಜಿನ್ನು ಹಿಂದೆ, ಸಾಮಾನಿಡುವ ಸ್ಥಳ ಮುಂದೆ. ಹೀಗಾಗಿ ಅದಕ್ಕೆ ಎರಡು ಮುಚ್ಚಳಗಳು. ಮುಂದಿನ ಮುಚ್ಚಳದ ಕೆಳಗೆ ಪ್ರಯಾಣದ ಪೆಟ್ಟಿಗೆ, ಹೆಚ್ಚಿನ ಚಕ್ರ, ಪೆಟ್ರೋಲಿನ ತೊಟ್ಟಿ. ಹಿಂದಿನ ಮುಚ್ಚಳದ ಕೆಳಗೆ ನೀರಿನ ಹಂಗಿಲ್ಲದೆ ಗಾಳಿಯಿಂದಲೇ ತಣಿಯುವ ಎಂಜಿನ್ನು. ಆ ಗಾಳಿಯ ಎಂಜಿನ್ನಿನ ವಂಶ ೧೯೯೮ರವರೆಗೂ ನಡೆಯಿತು. ಸಾಮಾನಿಡುವ ಜಾಗಕ್ಕೆ ನಮ್ಮ ಊರುಗಳಲ್ಲಿ ಡಿಕ್ಕಿ ಎಂದು ಹೆಸರು. ಬೇರೆ ಕಾರುಗಳಲ್ಲಿ ಡಿಕ್ಕಿ ಹಿಂದಿರುತ್ತದೆ, ಡಿಕ್ಕಿಯಾಗುವುದು ಮುಂದೆ. ಈ ಕಾರಿನಲ್ಲಿ ಎರಡೂ ಮುಂದೆಯೇ. ಮುಚ್ಚಳದ ಆಸರೆ ಕೈಕೊಟ್ಟ ದಿನ ಒಡೆಯನ ತಲೆಗೂ ಡಿಕ್ಕಿಯ ಮುಚ್ಚಳಕ್ಕೂ ನಡೆಯುವ ಡಿಕ್ಕಿಯನ್ನು ಲೆಕ್ಕಕ್ಕೆ ಹಿಡಿದರೆ, ಕನ್ನಡದ ಈ ಒಂದು ಶಬ್ದಕ್ಕೆ ಅಲ್ಲಿ ಬಿಡುವೇ ಇಲ್ಲ.

ಮುಚ್ಚಳವನ್ನು ಎತ್ತಿ ನಿಲ್ಲಿಸುವ ಉಪಾಯಗಳು ಮನುಷ್ಯನಿಗೆ ಹೊಸವಲ್ಲ. ಎಲ್ಲಕ್ಕಿಂತ ಹಳೆಯದು ಕೋಲು. ಗುಡಿಸಲಿನ ತಟ್ಟಿಯ ಬಾಗಿಲಿಗೂ ಪೆಟ್ಟಿಗೆ ಅಂಗಡಿಯ ಹಲಗೆಗೂ ಕೋಲೇ ಆಧಾರ. ಇಂದಿಗೂ ಎಷ್ಟೋ ಕಾರುಗಳ ಬಾನೆಟ್ಟನ್ನು ಎತ್ತಿ, ಒಂದು ಕಬ್ಬಿಣದ ಸರಳನ್ನು ಅದರ ತೂತಿಗೆ ಸಿಕ್ಕಿಸಿ ನಿಲ್ಲಿಸುವುದುಂಟು. ಕೋಲು ಪ್ರಾಮಾಣಿಕ, ಆದರೆ ಅದಕ್ಕೆ ಮರ್ಯಾದೆ ತಿಳಿಯದು. ಇಟ್ಟರೆ ನಿಲ್ಲುತ್ತದೆ, ಜಾರಿದರೆ ಬೀಳುತ್ತದೆ. ನಡುವಣ ಮಾತೇ ಇಲ್ಲ. ಅದಕ್ಕಿಂತ ಜಾಣತನದ್ದು ಸಮತೂಕದ ಉಪಾಯ. ಹಳ್ಳಿಯ ಬಾವಿಯ ಏತದಲ್ಲಿ ಹಿಂದೆ ಕಟ್ಟಿದ ಕಲ್ಲು ಮುಂದಿನ ಬಾನಿಯ ಭಾರವನ್ನು ತಾನು ಹಂಚಿಕೊಳ್ಳುತ್ತದೆ. ನೀರೆತ್ತುವವನ ತೋಳಿಗೆ ಶ್ರಮ ತಗ್ಗುತ್ತದೆ. ಕಾರಿನಲ್ಲಿ ಕಲ್ಲು ಕಟ್ಟುವಂತಿಲ್ಲವಾದುದರಿಂದ ಆ ಕೆಲಸವನ್ನು ಸ್ಪ್ರಿಂಗುಗಳು ಮಾಡಿದವು. ೧೯೫೪ರಲ್ಲಿ ಬಂದ ಮರ್ಸಿಡಿಸ್ ೩೦೦ ಎಸ್‌ಎಲ್ ಎಂಬ ಕಾರಿನ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆದುಕೊಳ್ಳುತ್ತಿದ್ದವು. ಅವನ್ನು ಮೇಲೆತ್ತಿ ನಿಲ್ಲಿಸುವುದಕ್ಕೂ ಸ್ಪ್ರಿಂಗುಗಳದೇ ನೆರವು.

ರೈನ್ ಮತ್ತು ಮೋಸೆಲ್ ನದಿಗಳು ಕೂಡುವ ಸಂಗಮದಲ್ಲಿ ಕೋಬ್ಲೆನ್ಜ್ ಎಂಬ ನಗರವಿದೆ. ಅಲ್ಲಿಯ ಸ್ಟಾಬಿಲುಸ್ ಎಂಬ ಕಾರ್ಖಾನೆ ೧೯೬೨ರಲ್ಲಿ ಅನಿಲ ತುಂಬಿದ ಸ್ಪ್ರಿಂಗುಗಳನ್ನು ಹೇರಳವಾಗಿ ತಯಾರಿಸತೊಡಗಿತು. ಸುರುಳಿಯೂ ಇಲ್ಲದ, ಕಲ್ಲೂ ಇಲ್ಲದ ಈ ಹೊಸ ಸ್ಪ್ರಿಂಗು ನೋಡುವುದಕ್ಕೆ ಒಂದು ಸಣ್ಣ ಕಪ್ಪು ಕೊಳವೆ. ಅದರ ಒಂದು ತುದಿಯಿಂದ ಹೊರಕ್ಕೆ ಬಂದ ಒಂದು ನಯವಾದ ಉಕ್ಕಿನ ಕಡ್ಡಿ. ಇದನ್ನೇ ಈಗ ಗ್ಯಾಸ್ ಸ್ಟ್ರಟ್ ಎನ್ನುತ್ತಾರೆ. ಅನಿಲದ ಆಸರೆಗೋಲು ಎಂದರೆ ಕನ್ನಡದ ಕಿವಿಗೆ ಹಿತವಾದೀತು.

ಈ ಆಸರೆಗೋಲಿನ ಒಳಗುಟ್ಟು ಬಹಳ ಸೊಗಸಾದುದು. ಕೊಳವೆಯ ತುಂಬ ಸಾರಜನಕವನ್ನು ಒತ್ತಿ ತುಂಬಿರುತ್ತಾರೆ. ಸಾರಜನಕವನ್ನೇ ಆರಿಸಿದುದಕ್ಕೆ ಕಾರಣವಿದೆ. ಅದು ಸಾಧು ಅನಿಲ. ಉಕ್ಕಿಗೆ ತುಕ್ಕು ಹಿಡಿಸುವುದಿಲ್ಲ, ಎಣ್ಣೆಯೊಡನೆ ಸೇರಿ ಹೊತ್ತಿಕೊಳ್ಳುವುದಿಲ್ಲ. ಕೊಳವೆಯೊಳಗೆ ಕಡ್ಡಿಯ ತುದಿಗೆ ಒಂದು ಪಿಸ್ಟನ್ನು. ಆ ಪಿಸ್ಟನ್ನಿನಲ್ಲಿ ಒಂದು ಸಣ್ಣ ರಂಧ್ರ. ರಂಧ್ರದ ಮೂಲಕ ಅನಿಲ ಅತ್ತಿಂದಿತ್ತ ಹರಿದಾಡುವುದರಿಂದ ಪಿಸ್ಟನ್ನಿನ ಎರಡು ಬದಿಯಲ್ಲಿಯೂ ಒತ್ತಡ ಒಂದೇ ಸಮ. ಹಾಗಾದರೆ ಕಡ್ಡಿ ಹೊರಕ್ಕೆ ತಳ್ಳಲ್ಪಡುವುದೇಕೆ? ಒಂದು ಬದಿಯಲ್ಲಿ ಪಿಸ್ಟನ್ನಿನ ಇಡೀ ಮುಖ ಅನಿಲಕ್ಕೆ ಸಿಕ್ಕುತ್ತದೆ. ಇನ್ನೊಂದು ಬದಿಯಲ್ಲಿ ಕಡ್ಡಿ ನಿಂತಿರುವಷ್ಟು ಜಾಗ ಕಳೆದುಹೋಗಿರುತ್ತದೆ. ಆ ಇಷ್ಟೇ ಇಷ್ಟು ಜಾಗದ ವ್ಯತ್ಯಾಸವೇ ಮುಚ್ಚಳವನ್ನು ಎತ್ತುವ ಬಲ.

ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಕಡ್ಡಿಯ ದಪ್ಪ ೮ ಮಿಲಿಮೀಟರು ಎಂದಿಟ್ಟುಕೊಂಡರೆ ಅದರ ಅಡ್ಡಕೊಯ್ತದ ವಿಸ್ತಾರ ಸುಮಾರು ಅರ್ಧ ಚದರ ಸೆಂಟಿಮೀಟರು, ಕಡಲೆಬೇಳೆಯೊಂದರ ಮುಖದಷ್ಟು. ಒಳಗಿನ ಒತ್ತಡ ನಾವೆಲ್ಲ ಉಸಿರಾಡುವ ಗಾಳಿಯ ಒತ್ತಡಕ್ಕಿಂತ ೮೦ ಪಟ್ಟು ಇದ್ದರೆ, ಆ ಬೇಳೆಯಷ್ಟು ಜಾಗದಿಂದ ಹೊರಡುವ ಬಲ ಸುಮಾರು ೪೦ ಕಿಲೋಗ್ರಾಮಿನ ಭಾರವನ್ನು ತಡೆಯಬಲ್ಲುದು. ಮುಚ್ಚಳದ ತೂಕ ಅಷ್ಟಿಲ್ಲವಲ್ಲ, ಇಷ್ಟು ಬಲ ಏಕೆ ಎಂದು ಕೇಳಬಹುದು. ಆಸರೆಗೋಲು ಕೈಯೂರುವುದು ಮುಚ್ಚಳದ ಬುಡದಲ್ಲಿ, ಕೀಲಿನ ಪಕ್ಕದಲ್ಲಿ. ಬಾಗಿಲನ್ನು ಹಿಡಿಯ ಬಳಿ ತಳ್ಳುವುದಕ್ಕೂ ಕೀಲಿನ ಬಳಿ ತಳ್ಳುವುದಕ್ಕೂ ಇರುವ ವ್ಯತ್ಯಾಸ ಬಲ್ಲವರಿಗೆ ಉತ್ತರ ಹೇಳಬೇಕಾದುದಿಲ್ಲ. ಬುಡದಲ್ಲಿ ನಿಂತು ಹೊರುವವರ ಪಾಲಿಗೆ ಭಾರ ಯಾವಾಗಲೂ ತೂಕಕ್ಕಿಂತ ಹೆಚ್ಚು.

ಕೊಳವೆಯಲ್ಲಿ ಅನಿಲದೊಡನೆ ಸ್ವಲ್ಪ ಎಣ್ಣೆಯೂ ಇರುತ್ತದೆ. ಮುಚ್ಚಳ ಮೇಲೇರಿದಾಗ ಕೊನೆಯಲ್ಲಿ ದಡಕ್ಕನೆ ಬಡಿಯದಂತೆ ತಡೆಯುವುದು ಅದರ ಒಂದು ಕೆಲಸ. ಕಡ್ಡಿ ಹೊರಗೆ ಬರುವ ಕಡೆ ಇರುವ ರಬ್ಬರಿನ ಸೀಲನ್ನು ಸದಾ ತೇವವಾಗಿಡುವುದು ಇನ್ನೊಂದು. ಆದುದರಿಂದಲೇ ಮುಚ್ಚಳ ಮುಚ್ಚಿರುವಾಗ ಕಡ್ಡಿಯ ಬದಿ ಕೆಳಕ್ಕೆ ಇರಬೇಕೆಂಬ ನಿಯಮ. ಎಣ್ಣೆ ತಾನಾಗಿ ಸೀಲಿನ ಮೇಲೆ ಇಳಿದು ನಿಲ್ಲುತ್ತದೆ. ತಲೆಕೆಳಗಾಗಿ ಜೋಡಿಸಿದರೆ ಸೀಲು ಒಣಗುತ್ತದೆ. ಒಣಗಿದ ಸೀಲು ಅನಿಲವನ್ನು ಕಾಯಲಾರದು.

ಇಂಥ ಆಸರೆ ಒಂದೇ ದಿನ ಮುರಿದುಬೀಳುವುದು ಅಪರೂಪ. ಅದು ಸೋಲುವುದು ಸದ್ದಿಲ್ಲದೆ, ದಿನಕ್ಕಿಷ್ಟರಂತೆ. ವರ್ಷಗಳು ಕಳೆದಂತೆ ಸೀಲಿನ ಸಂದಿಯಲ್ಲಿ ಕಣ್ಣಿಗೆ ಕಾಣದಷ್ಟು ಅನಿಲ ಹೊರಬೀಳುತ್ತದೆ. ಮೊದಮೊದಲು ಬೆರಳಿನಿಂದ ಎತ್ತಿದರೆ ಸಾಕು, ಮುಚ್ಚಳ ತಾನಾಗಿ ಮೇಲೇರುತ್ತಿತ್ತು. ಆಮೇಲೆ ಕೊನೆಯವರೆಗೂ ಕೈಯಿಂದ ತಳ್ಳಬೇಕಾಗುತ್ತದೆ. ಇನ್ನೂ ಕೆಲವು ಕಾಲಕ್ಕೆ, ಮೇಲೇರಿ ನಿಂತ ಮುಚ್ಚಳ ಏನನ್ನೋ ನೆನೆದುಕೊಂಡಂತೆ ನಿಧಾನವಾಗಿ ಬಾಗತೊಡಗುತ್ತದೆ. ಚಳಿಗಾಲದಲ್ಲಿ ಈ ಬಾಧೆ ಹೆಚ್ಚು. ಅನಿಲಗಳು ಶಾಖಕ್ಕೆ ಹೇಗೆ ಹಿಗ್ಗುತ್ತವೆಂಬ ಲೆಕ್ಕವನ್ನು ಫ್ರಾನ್ಸಿನ ಗೇ-ಲುಸಾಕ್ ೧೮೦೨ರಲ್ಲಿಯೇ ಪ್ರಕಟಿಸಿದ್ದಾನೆ. ಆ ಲೆಕ್ಕದ ಪ್ರಕಾರ, ಮುಚ್ಚಿದ ಕೊಳವೆಯ ಬಿಸುಪು ೨೦ ಡಿಗ್ರಿಯಿಂದ ಸೊನ್ನೆಗಿಂತ ೧೦ ಡಿಗ್ರಿ ಕೆಳಕ್ಕೆ ಇಳಿದರೆ, ಒತ್ತಡದಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಬೇಸಗೆಯಲ್ಲಿ ಹೇಗೋ ಮಾನ ಉಳಿಸಿಕೊಂಡಿದ್ದ ಆಸರೆ ಹಿಮ ಬಿದ್ದ ಬೆಳಗ್ಗೆ ಕೈಚೆಲ್ಲುವುದು ಇದರಿಂದ. ವಸಂತ ಬಂದೊಡನೆ ಅದು ಮತ್ತೆ ನಿಂತುಬಿಟ್ಟರೆ ಒಡೆಯನಿಗೆ ಪರಮಸಂತೋಷ, "ಸರಿಯಾಯಿತು" ಎಂದುಕೊಳ್ಳುತ್ತಾನೆ. ಸರಿಯಾದುದು ಹವೆ, ಆಸರೆಯಲ್ಲ.

ಇಂಥ ಒಡೆಯನೊಬ್ಬನನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಸ್ಟುಟ್‌ಗಾರ್ಟ್ ನಗರದ ಹೊರವಲಯದಲ್ಲಿ, ನೆಕ್ಕರ್ ನದಿಯ ಕಣಿವೆಯಲ್ಲಿ ಅವನ ಮನೆ. ಕಾರು ಅವನ ತಂದೆಯದು, ೧೯೮೩ರಲ್ಲಿ ಕೊಂಡದ್ದು. ಮೂವತ್ತು ವರ್ಷ ದಾಟಿ, ಮೂಲರೂಪ ಕೆಡದೆ ಉಳಿದ ಕಾರುಗಳಿಗೆ ಜರ್ಮನಿಯ ಸರಕಾರ ೧೯೯೭ರಿಂದ ಸಂಖ್ಯಾಫಲಕದ ಕೊನೆಯಲ್ಲಿ ಒಂದು ವಿಶೇಷ ಅಕ್ಷರವನ್ನು ಕೊಡುತ್ತ ಬಂದಿದೆ. ಐತಿಹಾಸಿಕ ಎಂಬ ಅರ್ಥದ ಜರ್ಮನ್ ಶಬ್ದದ ಮೊದಲಕ್ಷರ ಅದು. ಈ ಕಾರಿಗೂ ಆ ಬಿರುದು ಬಂದಿದೆ. ತಂದೆ ತೀರಿಕೊಂಡ ಮೇಲೆ ಮಗ ಅದನ್ನು ಕಣ್ಣರೆಪ್ಪೆಯಂತೆ ಕಾಪಾಡಿಕೊಂಡಿದ್ದಾನೆ. ಆಸನಗಳಿಗೆ ಹೊಸ ಚರ್ಮ ಹೊದಿಸಿದ್ದಾನೆ. ಚಕ್ರಗಳಿಗೆ ಹೊಸ ಬಣ್ಣ ಬಳಿಸಿದ್ದಾನೆ. ತಿಂಗಳಿಗೊಮ್ಮೆ ಮೈಯೆಲ್ಲ ಮೇಣ ತಿಕ್ಕಿ, ತನ್ನ ಮುಖ ಅದರಲ್ಲಿ ಕಾಣುವವರೆಗೂ ಬಿಡುವುದಿಲ್ಲ. ಮುಂದಿನ ಮುಚ್ಚಳ ಮಾತ್ರ ನಿಲ್ಲುವುದಿಲ್ಲ.

ನಿಲ್ಲಿಸುವುದಕ್ಕೆ ಒಂದು ಕೋಲಿದೆ. ಕಸಬರಿಕೆಯ ಹಿಡಿಯನ್ನು ಅಳತೆಗೆ ಕೊಯ್ದು, ಬಣ್ಣ ಗೀಚಿಹೋಗದಿರಲೆಂದು ಎರಡು ತುದಿಗೂ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ತಂದೆ ತನ್ನ ಕೊನೆಯ ವರ್ಷಗಳಲ್ಲಿ ಮಾಡಿಟ್ಟ ಕೋಲು. ಕೊಯ್ಯುವ ಮುನ್ನ ಎಳೆದ ಪೆನ್ಸಿಲಿನ ಗೆರೆ ಇನ್ನೂ ಅದರ ಮೇಲೆ ಅಳಿಸಿಲ್ಲ. ಹೆಚ್ಚಿನ ಚಕ್ರದ ಪಕ್ಕದಲ್ಲಿ ಅದಕ್ಕೊಂದು ಖಾಯಂ ಸ್ಥಳವಿದೆ. ಕಾರು ಪಿತ್ರಾರ್ಜಿತವಾದಂತೆ ಕೋಲೂ ಪಿತ್ರಾರ್ಜಿತವಾಯಿತು. ಹೊಸ ಆಸರೆಗಳ ಜೋಡಿಗೆ ಕಾರಿನ ಒಂದು ಟಯರಿನಷ್ಟೂ ಬೆಲೆಯಿಲ್ಲ. ಹಾಕುವುದಕ್ಕೆ ಅರ್ಧ ಗಂಟೆ ಸಾಕು. ಆದರೂ ವರ್ಷ ಒಂದಾಯಿತು, ಎರಡಾಯಿತು, ಆರಾಯಿತು. ಹಣದ ಅಡಚಣೆಯಲ್ಲ; ಸೋಮಾರಿತನವೂ ಅಲ್ಲ. ಕೋಲನ್ನು ತೆಗೆದಿಟ್ಟರೆ ತಂದೆಯ ಕೈಯನ್ನೇ ಪಕ್ಕಕ್ಕೆ ಸರಿಸಿದಂತೆ ಎಂಬ ಒಂದು ಭಾವನೆ ಅವನ ಮನಸ್ಸಿನ ಮೂಲೆಯಲ್ಲಿ ಕುಳಿತಿತ್ತು.

ಕೋಲಿನೊಡನೆ ಬಾಳುವುದಕ್ಕೆ ಮನೆಮಂದಿಯೆಲ್ಲ ಕಲಿತುಕೊಂಡಿದ್ದರು. ಕಾರಿನ ಬಳಿಗೆ ಹೋಗುವಾಗ ಹೆಂಡತಿ ತಲೆಯನ್ನು ಒಂದಿಷ್ಟು ಬಗ್ಗಿಸುತ್ತಿದ್ದಳು. ಹದಿನಾರರ ಮಗಳು ಸಾಮಾನು ತೆಗೆಯುವಾಗ ಎಡ ಮೊಣಕೈಯನ್ನು ಮುಚ್ಚಳಕ್ಕೆ ಕೊಟ್ಟು ಬಲಗೈಯಿಂದ ತಡಕುತ್ತಿದ್ದಳು. ಸಂಸಾರಗಳಲ್ಲಿ ಇದೇನೂ ಹೊಸತಲ್ಲ. ಸೋರುವ ಮಾಡಿನ ಕೆಳಗೆ ಇಟ್ಟ ಪಾತ್ರೆ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮನೆಯ ಪೀಠೋಪಕರಣಗಳಲ್ಲಿ ಒಂದಾಗಿಬಿಡುತ್ತದೆ. ದೋಷಕ್ಕೆ ಜನರು ಹೊಂದಿಕೊಂಡಷ್ಟೂ ಅದು ದೋಷವೆಂಬುದೇ ಮರೆಯುತ್ತದೆ.

ಶರತ್ಕಾಲದ ಒಂದು ಭಾನುವಾರ ಮೂವರೂ ಷ್ವಾಬಿಯನ್ ಆಲ್ಬ್ ಬೆಟ್ಟಗಳ ಕಡೆ ಹೊರಟಿದ್ದರು ಎಂದುಕೊಳ್ಳೋಣ. ದಾರಿಯ ಬದಿಯಲ್ಲಿ ಕಾರು ನಿಂತಿತು. ತಿಂಡಿಯ ಬುಟ್ಟಿಯನ್ನು ತೆಗೆಯಲು ಮಗಳು ಮುಚ್ಚಳವನ್ನೆತ್ತಿ, ಕೋಲು ಕೊಟ್ಟು, ಒಳಕ್ಕೆ ಬಗ್ಗಿದಳು. ಈ ಕಾರಿನ ಮುಂದಿನ ಮುಚ್ಚಳದ ಕೀಲು ಇರುವುದು ಗಾಜಿನ ಕಡೆ. ಬಾಯಿ ತೆರೆಯುವುದು ದಾರಿಯ ಕಡೆ. ಎದುರಿನಿಂದ ಒಂದು ದೊಡ್ಡ ಲಾರಿ ಭರ್ರನೆ ಹಾದುಹೋಯಿತು. ಅದರ ಗಾಳಿ ಮುಚ್ಚಳದ ಕೆಳಗೆ ನುಗ್ಗಿ, ಅದನ್ನು ಅಂಗುಲದಷ್ಟು ಮೇಲೆತ್ತಿತು. ಅಷ್ಟರಲ್ಲಿಯೇ ಕೋಲು ವಾಲಿತು. ಮುಚ್ಚಳ ಬಂದ ವೇಗಕ್ಕೆ ಬುಟ್ಟಿಯ ಬಿದಿರಿನ ಹಿಡಿ ಎರಡು ತುಂಡಾಯಿತು. ಒಂದು ಕ್ಷಣದ ಹಿಂದೆ ಆ ಹಿಡಿಯ ಮೇಲೆ ಮಗಳ ಕೈ ಇತ್ತು.

ಯಾರಿಗೂ ಗಾಯವಾಗಲಿಲ್ಲ. ಆದುದರಿಂದ ಯಾರೂ ಏನೂ ಹೇಳಲಿಲ್ಲ. ತಂದೆ ರಸ್ತೆಯ ಮೇಲೆ ಉರುಳಿದ್ದ ಕೋಲನ್ನು ಎತ್ತಿಕೊಂಡ. ಪೆನ್ಸಿಲಿನ ಗೆರೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತ. ಇದನ್ನು ಮಾಡಿದವನು ಈ ಹೊತ್ತು ಇಲ್ಲಿದ್ದಿದ್ದರೆ ಮೊಮ್ಮಗಳ ಕೈಯನ್ನು ನೋಡುತ್ತಿದ್ದನೇ ಹೊರತು ಕೋಲನ್ನು ನೋಡುತ್ತಿರಲಿಲ್ಲ ಎಂಬುದು ಅವನಿಗೆ ಹೊಳೆದಿರಬೇಕು. ಹೊಸ ಆಸರೆ ಬರುವವರೆಗೆ ಇದೊಂದು ಇರಲಿ ಎಂದು ಕೊಯ್ದ ಕೋಲದು. ಆ "ವರೆಗೆ" ಎಂಬ ಮಾತನ್ನು ಮಗ ಮರೆತಿದ್ದ. ಮರುದಿನವೇ ಹೊಸ ಜೋಡಿಗೆ ಬರೆದು ಹಾಕಿದ.

ಜೋಡಿ ಎನ್ನುವುದನ್ನು ಒತ್ತಿ ಹೇಳಬೇಕು. ಎರಡು ಬದಿಯ ಆಸರೆಗಳಲ್ಲಿ ಒಂದು ಮಾತ್ರ ಪೂರ್ತಿ ಸೋತಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸುವುದು ವಾಡಿಕೆ. ಒಂದು ಹೊಸದು, ಒಂದು ಹಳೆಯದು ಎಂದಾದರೆ ಮುಚ್ಚಳ ಒಂದು ಕಡೆಗೆ ಸೊಟ್ಟಗಾಗಿ ತಿರುಚಿಕೊಳ್ಳುತ್ತದೆ. ಮುದಿ ಎತ್ತಿಗೂ ಹೋರಿಗೂ ಒಂದೇ ನೊಗ ಹೂಡಿದರೆ ಸಾಲು ನೆಟ್ಟಗೆ ಬರುವುದೆಂದು ಯಾವ ರೈತನೂ ನಂಬುವುದಿಲ್ಲ. ಬಲದ ಆಯ್ಕೆಯಲ್ಲಿಯೂ ವಿವೇಕ ಬೇಕು. ಹಗುರವಾದ ಮುಚ್ಚಳಕ್ಕೆ ಅತಿಬಲದ ಆಸರೆ ಕೊಟ್ಟರೆ, ಮುಚ್ಚುವಾಗ ಕೀಲಿನ ಬಳಿ ತಗಡೇ ಬಾಗಿಹೋಗುತ್ತದೆ. ಹಿಂದಿನ ಮುಚ್ಚಳದ ಲೆಕ್ಕವೇ ಬೇರೆ. ೧೯೭೩ರ ಕಾರೆರಾ ಆರ್‌ಎಸ್ ಎಂಬ ಮಾದರಿಯ ಹಿಂದಿನ ಮುಚ್ಚಳಕ್ಕೆ ಬಾತುಕೋಳಿಯ ಬಾಲದಂಥ ಒಂದು ಏಣು ಬಂದಿತು. ೧೯೭೫ರ ಟರ್ಬೋ ಮಾದರಿಯ ಹೊತ್ತಿಗೆ ಅದು ತಿಮಿಂಗಿಲದ ಬಾಲದಷ್ಟು ಅಗಲವಾಯಿತು. ವೇಗದಲ್ಲಿ ಕಾರಿನ ಹಿಂಭಾಗ ನೆಲ ಬಿಟ್ಟೇಳದಂತೆ ಗಾಳಿಯನ್ನು ಪಳಗಿಸುವುದು ಆ ಬಾಲಗಳ ಉದ್ದೇಶ. ಬಾಲ ಹೊತ್ತ ಮುಚ್ಚಳಕ್ಕೆ ಭಾರ ಹೆಚ್ಚು. ಅದಕ್ಕೆ ತಕ್ಕ ಬಲವಾದ ಆಸರೆಯನ್ನೇ ಹಾಕಬೇಕು. ಬಾಲವಿಲ್ಲದ ಮುಚ್ಚಳದ ಆಸರೆಯನ್ನು ಅಲ್ಲಿಗೆ ಕೊಟ್ಟರೆ ಅದು ಮೊದಲ ದಿನವೇ ಮಣಿಯುತ್ತದೆ.

ಹೊಸ ಜೋಡಿ ಬಂದಿತು. ಶನಿವಾರ ಬೆಳಗ್ಗೆ ಕೆಲಸಕ್ಕೆ ಕೈ ಹಾಕಿದಾಗ ಒಂದು ಸರಳವಾದ ತೊಡಕು ಎದುರಾಯಿತು. ಆಸರೆಯನ್ನು ಬಿಚ್ಚಬೇಕಾದರೆ ಮುಚ್ಚಳ ತೆರೆದಿರಬೇಕು. ಮುಚ್ಚಳ ತೆರೆದು ನಿಲ್ಲಬೇಕಾದರೆ ಆಸರೆ ಇರಬೇಕು. ಈ ಅನ್ಯೋನ್ಯಾಶ್ರಯಕ್ಕೆ ತರ್ಕಶಾಸ್ತ್ರದಲ್ಲಿ ಪರಿಹಾರವಿಲ್ಲ, ಸಂಸಾರದಲ್ಲಿದೆ. ಆಸರೆಯನ್ನು ಬದಲಿಸುವಷ್ಟು ಹೊತ್ತು ಯಾರಾದರೊಬ್ಬರು ತಾವೇ ಆಸರೆಯಾಗಿ ನಿಲ್ಲಬೇಕು.

ಮಗಳು ಹಿಡಿಯಲು ಬಂದಳು. ತಂದೆ ತಲೆಯಾಡಿಸಿ ತಿರುಪುಳಿಯನ್ನು ಅವಳ ಕೈಗೆ ಕೊಟ್ಟ. "ನಿನ್ನ ಬೆರಳು ಸಣ್ಣದು ಮಗೂ, ಒಳಗಿನ ಕೆಲಸ ನಿನ್ನದು. ಹಿಡಿಯುವುದು ನನ್ನದು" ಎಂದ. ಎರಡು ಕೈಯನ್ನೂ ಮೇಲೆತ್ತಿ, ಮುಚ್ಚಳದ ಅಂಚಿಗೆ ಅಂಗೈ ಕೊಟ್ಟು ನಿಂತ. ಮಗಳು ಅವನ ಎರಡು ತೋಳುಗಳ ನಡುವೆ ಬಗ್ಗಿದಳು.

ಕೆಲಸ ದೊಡ್ಡದೇನಲ್ಲ. ಮೊದಲು ಹಳೆಯ ಆಸರೆಯ ಯಾವ ತುದಿ ಮೇಲಿದೆ, ಯಾವುದು ಕೆಳಗಿದೆ ಎಂದು ಗುರುತಿಟ್ಟುಕೊಳ್ಳಬೇಕು. ಕಾರುಗಳಲ್ಲಿ ಈ ತುದಿಗಳನ್ನು ಹಿಡಿದಿಡುವ ರೀತಿ ಒಂದೇ ಅಲ್ಲ. ಕೆಲವೆಡೆ ದುಂಡನೆಯ ಗುಂಡಿನ ಮೇಲೆ ಬಟ್ಟಲು ಕೂತಂತೆ ಇರುತ್ತದೆ. ಕೆಲವೆಡೆ ಸಣ್ಣ ಮೊಳೆಯೊಂದಕ್ಕೆ ಸಣ್ಣ ಕ್ಲಿಪ್ಪಿನ ಕಾವಲು. ಕ್ಲಿಪ್ಪನ್ನು ತಿರುಪುಳಿಯ ತುದಿಯಿಂದ ಮೀಟುವಾಗ ಇನ್ನೊಂದು ಕೈಯನ್ನು ಅಡ್ಡ ಹಿಡಿಯಬೇಕು. ಇಲ್ಲವಾದರೆ ಅದು ಚಿಮ್ಮಿ ಕಾರಿನ ಹೊಟ್ಟೆಯೊಳಗೆ ಎಲ್ಲಿಯೋ ಮಾಯವಾಗಿ, ಮಿಕ್ಕ ಅರ್ಧ ದಿನವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಒಂದು ಬದಿಯದು ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು. ಹೊಸದರ ನಯವಾದ ಕಡ್ಡಿಯನ್ನು ಇಕ್ಕಳದಿಂದ ಹಿಡಿಯಲೇಬಾರದು. ಸೋತ ಆಸರೆಯ ಕಡ್ಡಿಗೆ ಇಕ್ಕಳ ಕಚ್ಚಿಸಿ ಮುಚ್ಚಳವನ್ನು ತಡೆದು ನಿಲ್ಲಿಸುವ ಕೆಲವು ಚತುರರು ಇದ್ದಾರೆ. ಇಕ್ಕಳದ ಹಲ್ಲು ಮೂಡಿಸಿದ ಗೀರು ಸೀಲನ್ನು ಹರಿದು, ಉಳಿದ ಅನಿಲಕ್ಕೂ ದಾರಿ ಮಾಡಿಕೊಡುತ್ತದೆ.

ಮಗಳು ನಿಧಾನವಾಗಿ, ತುಟಿ ಕಚ್ಚಿಕೊಂಡು ಕೆಲಸ ಮಾಡಿದಳು. ಮೊದಲನೆಯ ಆಸರೆ ಕೂರುವಷ್ಟರಲ್ಲಿ ತಂದೆಯ ಭುಜಗಳು ಸುಡತೊಡಗಿದವು. ಹಿಡಿದ ಭಾರ ಹೆಚ್ಚಿನದಲ್ಲ. ಆದರೆ ಅಲುಗಾಡದೆ ಹಿಡಿಯಬೇಕು. ಕ್ಷಣಕ್ಕೊಮ್ಮೆ ಕೈ ಬದಲಿಸುವಂತಿಲ್ಲ, ಇಳಿಸಿ ಸುಧಾರಿಸಿಕೊಳ್ಳುವಂತಿಲ್ಲ. ಕೆಳಗೆ ಮಗಳ ತಲೆಯಿದೆ.

"ಅಪ್ಪಾ, ಕೈ ನೋಯುತ್ತಿದೆಯೇ?"

"ಇಲ್ಲ ಮಗೂ, ನೀನು ಅವಸರ ಮಾಡಬೇಡ."

ನೋಯುತ್ತಿತ್ತು. ನೋಯುತ್ತಿದೆ ಎಂದರೆ ಅವಳು ಅವಸರಪಡುತ್ತಾಳೆ. ಅವಸರಪಟ್ಟರೆ ಕ್ಲಿಪ್ಪು ಸರಿಯಾಗಿ ಕೂರುವುದಿಲ್ಲ. ತನ್ನ ತಂದೆಯೂ ಎಷ್ಟು ವರ್ಷ, ಎಷ್ಟು ವಿಷಯಗಳಲ್ಲಿ, ಇದೇ ಬಗೆಯ "ಇಲ್ಲ"ವನ್ನು ಹೇಳಿದ್ದನೋ ಎಂದು ಅವನಿಗೆ ಆ ಹೊತ್ತಿನಲ್ಲಿ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಎತ್ತಿ ಹಿಡಿದವರ ಕೆಳಗೆ ನಿಂತು ಕೆಲಸ ಮಾಡುವವರಿಗೆ ಮೇಲಿನ ಭಾರ ತಿಳಿಯುವುದಿಲ್ಲ. ಅದು ತಿಳಿಯದಂತೆ ನಿಲ್ಲುವುದೇ ಹಿಡಿಯುವವರ ಕಸುಬು.

ಎರಡನೆಯ ಆಸರೆಯೂ ಕೂತಿತು. ಮಗಳು ಹೊರಕ್ಕೆ ಬಂದು, "ಈಗ ಬಿಡು ಅಪ್ಪಾ" ಎಂದಳು. ಬಿಡಲು ಅವನಿಗೆ ಧೈರ್ಯ ಬರಲಿಲ್ಲ. ಒಂದು ಬೆರಳು ತೆಗೆದ, ಇನ್ನೊಂದು ತೆಗೆದ, ಕೊನೆಗೆ ಎರಡು ಕೈಯನ್ನೂ ತೆಗೆದ. ಮುಚ್ಚಳ ಅಲುಗಲಿಲ್ಲ. ಹೊಸದನ್ನು ಹಾಕಿದ ಮೇಲೆ ಮೊದಲ ಸಲ ದಡಾರನೆ ಮುಚ್ಚಬಾರದೆಂಬ ಎಚ್ಚರಿಕೆ ಅವನಿಗಿತ್ತು. ಮೆಲ್ಲಗೆ ಕೆಳಕ್ಕೆ ತಂದು, ಆಸರೆಗಳು ಎಲ್ಲಿಯೂ ತಾಗುವುದಿಲ್ಲವೆಂದು ಇಣುಕಿ ನೋಡಿ, ಅಂಗೈಗಳಿಂದ ಒತ್ತಿ ಮುಚ್ಚಿದ. ಮತ್ತೆ ತೆರೆದರು. ಮಗಳು ಒಂದೇ ಬೆರಳಿನಿಂದ ಎತ್ತಿದಳು. ಅರ್ಧಕ್ಕೆ ಬರುತ್ತಲೇ ಮುಚ್ಚಳ ಅವಳ ಬೆರಳನ್ನು ಬಿಟ್ಟು ತಾನಾಗಿ ಮೇಲೇರಿ, ಕೊನೆಯಲ್ಲಿ ಮೆತ್ತಗೆ ನಿಂತಿತು. ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಇದನ್ನು ಕಂಡು ಹೊರಬಂದಳು. ಕಾರಿನ ಬಳಿ ಬಂದಾಗ ಅಭ್ಯಾಸಬಲದಿಂದ ತಲೆಯನ್ನು ಬಗ್ಗಿಸಿದಳು, ಮೂವರೂ ನಕ್ಕರು.

ಬಿಚ್ಚಿದ ಹಳೆಯ ಜೋಡಿಯ ವಿಷಯದಲ್ಲಿ ಒಂದು ಮಾತು. ಮುಚ್ಚಳವನ್ನು ಹೊರಲಾರದ ಆಸರೆಯಲ್ಲಿ ಶಕ್ತಿಯೇ ಇಲ್ಲವೆಂದು ತಿಳಿಯಬಾರದು. ಅದರ ಹೊಟ್ಟೆಯಲ್ಲಿ ಇನ್ನೂ ಟಯರಿಗಿಂತ ಎಷ್ಟೋ ಪಾಲು ಹೆಚ್ಚಿನ ಒತ್ತಡ ಉಳಿದಿರಬಹುದು. ಗರಗಸದಿಂದ ಕೊಯ್ಯುವುದು, ತೂತು ಕೊರೆಯುವುದು, ಬೆಂಕಿಗೆ ಎಸೆಯುವುದು ಪ್ರಾಣಕ್ಕೆ ಅಪಾಯ. ಸೋತವರೆಂದು ಕಂಡವರನ್ನು ಕೆಣಕಬಾರದೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಅದನ್ನು ಬಲ್ಲವರ ಕೈಗೆ ಒಪ್ಪಿಸುವುದೇ ಸರಿ. ತಂದೆಯ ಕೋಲನ್ನು ಮಾತ್ರ ಯಾರೂ ಎಸೆಯಲಿಲ್ಲ. ಅದು ಗ್ಯಾರೇಜಿನ ಗೋಡೆಗೆ ಒರಗಿ, ಕೆಲಸವಿಲ್ಲದೆ, ಗೌರವವಾಗಿ ನಿಂತಿದೆ.

ಇದೆಲ್ಲ ಯಾವುದೋ ದೂರದೇಶದ ವೇಗದ ಕಾರಿನ ಕಥೆ, ನಮ್ಮ ಮನೆಗೇನು ಸಂಬಂಧ ಎಂದು ಓದುಗರು ಪುಟ ತಿರುವಬೇಕಾಗಿಲ್ಲ. ಇಂದಿನ ಕಚೇರಿಗಳ ತಿರುಗುವ ಕುರ್ಚಿಯನ್ನು ಏರಿಸಿ ಇಳಿಸುವುದು ಇದೇ ಜಾತಿಯ ಅನಿಲದ ಕೊಳವೆ. ಹಿಂಬಾಗಿಲು ಮೇಲಕ್ಕೆ ತೆರೆಯುವ ಮನೆಯ ಚಿಕ್ಕ ಕಾರಿನಲ್ಲಿಯೂ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಜಾಗ ಸಾಲದ ಬೆಂಗಳೂರಿನ ಫ್ಲ್ಯಾಟುಗಳಲ್ಲಿ, ಹಾಸಿಗೆಯ ಸಮೇತ ಹಲಗೆಯನ್ನೆತ್ತಿ ಅಡಿಯಲ್ಲಿ ರಜಾಯಿ, ಸೂಟ್‌ಕೇಸು, ಮಕ್ಕಳ ಹಳೆಯ ಪುಸ್ತಕಗಳನ್ನಿಡುವ ಮಂಚಗಳು ಬಂದಿವೆಯಷ್ಟೆ? ಅಂಗಡಿಯವರು ಅದನ್ನು ಹೈಡ್ರಾಲಿಕ್ ಮಂಚ ಎನ್ನುತ್ತಾರೆ. ನಿಜವಾಗಿ ಎತ್ತುವುದು ದ್ರವವಲ್ಲ, ಕೊಳವೆಯೊಳಗಿನ ಅನಿಲ. ಅದರ ಆಸರೆಯೂ ಒಂದು ದಿ‌ನ ಸೋಲುತ್ತದೆ. ಸೋಲುವುದನ್ನು ಮುಂಚಿತವಾಗಿ, ಮೌನವಾಗಿ ಸೂಚಿಸುತ್ತದೆ. ಎತ್ತಿದ ಹಲಗೆ ಮೊದಲಿನಂತೆ ಮೇಲೇರದಿದ್ದರೆ, ನಿಂತದ್ದು ಬಾಗತೊಡಗಿದರೆ, ಕೊಳವೆಯ ಮೇಲೆ ಎಣ್ಣೆಯ ಪಸೆ ಕಂಡರೆ ಅದೇ ಸೂಚನೆ.

ಅಂಥ ಮಂಚ ಮನೆಯಲ್ಲಿದ್ದರೆ ಈ ಭಾನುವಾರ ಒಮ್ಮೆ ಎತ್ತಿ ನೋಡುವುದು ಒಳ್ಳೆಯದು. ತಾನಾಗಿ ನಿಂತರೆ ಸಂತೋಷ. ನಿಲ್ಲದಿದ್ದರೆ, ಪಕ್ಕದ ಕೋಣೆಯಿಂದ ಕೋಲು ತರುವ ಮುನ್ನ, ಕೆಳಗೆ ಬಗ್ಗಿ ರಜಾಯಿ ಹುಡುಕುವವರು ಆ ಮನೆಯಲ್ಲಿ ಯಾರು ಎಂಬುದನ್ನು ಒಂದು ಗಳಿಗೆ ನೆನೆದುಕೊಂಡರೆ ಸಾಕು. ಹೊಸ ಜೋಡಿ ಆ ವಾರವೇ ಮನೆಗೆ ಬರುತ್ತದೆ.